ಮೊದಲು ಔಷಧ ನಿಲ್ಲಿಸಿದರು: ಮೂಳೆ ಸೋಂಕಿನ ಚಿಕಿತ್ಸೆಯ ಅನುಭವ

ನನ್ನ ಕಣಕಾಲಿನ ದೊಡ್ಡ ಮೂಳೆ, ಅಂದರೆ ಟಿಬಿಯಾ, ಅಪಘಾತವೊಂದರಲ್ಲಿ ಚರ್ಮ ಸೀಳಿಕೊಂಡು ಹೊರಗೆ ಕಾಣುವಂತೆ ಮುರಿದಿತ್ತು. ಗಾಯವನ್ನು ತೊಳೆದು, ಮುರಿದ ತುದಿಗಳನ್ನು ಪ್ಲೇಟು ಮತ್ತು ಸ್ಕ್ರೂಗಳಿಂದ ಹಿಡಿದು ನಿಲ್ಲಿಸಿದರು. ಮೂಳೆ ಕೂಡಿತು, ಊರುಗೋಲು ಬಿಟ್ಟೆ, ಕೆಲಸಕ್ಕೆ ಮರಳಿದೆ. ಬಹಳ ಕಾಲದ ನಂತರ ಹಳೆಯ ಕಲೆಯ ಕೆಳತುದಿಯಲ್ಲಿ ಒಂದು ಸಣ್ಣ ಗುಳ್ಳೆ ಎದ್ದು ಒಡೆಯಿತು. ಅಲ್ಲಿಂದ ತೆಳ್ಳಗಿನ ರಸಿಗೆ ಒಸರತೊಡಗಿತು. ಜ್ವರವಿರಲಿಲ್ಲ, ಕಾಲು ಹೇಳಿಕೊಳ್ಳುವಷ್ಟು ಊದಿರಲಿಲ್ಲ, ನಡೆಯಲು ತೊಂದರೆಯಿರಲಿಲ್ಲ. ರಾತ್ರಿ ಮಲಗಿದ ಮೇಲೆ ಮಾತ್ರ ಮೂಳೆಯ ಆಳದಲ್ಲೆಲ್ಲೋ ಮಂದವಾದ ನೋವು ಶುರುವಾಗುತ್ತಿತ್ತು. ಮೂಳೆಯ ಸೋಂಕು ಎಂದರೆ ಮೈ ಕೆಂಡವಾಗಿ ಮನುಷ್ಯ ಹಾಸಿಗೆ ಹಿಡಿಯುವ ಕಾಯಿಲೆ ಎಂದುಕೊಂಡಿದ್ದವರಿಗೆ, ಅದು ಹೀಗೆ ಸದ್ದಿಲ್ಲದೆ ವರ್ಷಗಟ್ಟಲೆ ಇರಬಲ್ಲದು ಎಂಬುದು ನಂಬಲು ಕಷ್ಟದ ಸಂಗತಿ.

ಚರ್ಮದ ಸೋಂಕು ಎಂದು ಭಾವಿಸಿ ಕೊಟ್ಟ ಆ್ಯಂಟಿಬಯೋಟಿಕ್ ಮಾತ್ರೆಗಳಿಂದ ಆ ರಂಧ್ರ ಮುಚ್ಚಿಕೊಳ್ಳುತ್ತಿತ್ತು. ಮಾತ್ರೆ ಮುಗಿದ ಕೆಲವು ವಾರಗಳಲ್ಲಿ ಅದೇ ಜಾಗದಲ್ಲಿ ಮತ್ತೆ ತೆರೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಹತ್ತಿಯ ಕಡ್ಡಿಯಿಂದ ರಸಿಗೆಯನ್ನು ಒರೆಸಿ ಪರೀಕ್ಷೆಗೆ ಕಳಿಸುತ್ತಿದ್ದರು, ಪ್ರತಿ ಸಲವೂ ವರದಿಯಲ್ಲಿ ಬೇರೊಂದು ಬ್ಯಾಕ್ಟೀರಿಯಾದ ಹೆಸರು ಬರುತ್ತಿತ್ತು, ಅದಕ್ಕೆ ತಕ್ಕಂತೆ ಮಾತ್ರೆಯೂ ಬದಲಾಗುತ್ತಿತ್ತು. ಹೊರಬಾಯಿಯಲ್ಲಿ ಸಿಗುವ ಸೂಕ್ಷ್ಮಜೀವಿಗಳು ಬಹುಪಾಲು ಚರ್ಮದ ಮೇಲೆ ನೆಲೆಸಿದವು. ಒಳಗಿನ ಮೂಳೆಯಲ್ಲಿರುವುದು ಅದೇ ಎಂದು ಹೇಳಲು ಬರುವುದಿಲ್ಲ. ಸ್ಟಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಾಗ ಮಾತ್ರ ಒಳಗೂ ಅದೇ ಇರುವ ಸಂಭವ ಸ್ವಲ್ಪ ಹೆಚ್ಚು. ಇದು ವೈದ್ಯಶಾಸ್ತ್ರಕ್ಕೆ ಹೊಸ ವಿಷಯವಲ್ಲ. ಆದರೂ ರಸಿಗೆ ಒರೆಸಿ ಕಳಿಸುವ ರೂಢಿ ಹೋಗಿಲ್ಲ, ಏಕೆಂದರೆ ಅದು ಸುಲಭ; ಮೂಳೆಯ ಚೂರು ತೆಗೆಯಲು ಶಸ್ತ್ರಚಿಕಿತ್ಸೆಯ ಕೊಠಡಿ ಬೇಕು.

ಕೊನೆಗೆ ನನ್ನನ್ನು ನೋಡಿದ ಮೂಳೆತಜ್ಞರು ಇಂಥ ಸೋಂಕುಗಳನ್ನೇ ಹೆಚ್ಚಾಗಿ ನೋಡುವವರು. ಮೊಂಡಾದ ಲೋಹದ ಕಡ್ಡಿಯೊಂದನ್ನು ರಂಧ್ರದೊಳಗೆ ಮೆಲ್ಲಗೆ ಇಳಿಸಿದರು. ಅದು ಗಟ್ಟಿಯಾದದ್ದೇನನ್ನೋ ತಾಗಿ ನಿಂತಿತು. ಹಾಗೆ ತಾಗಿದ್ದು ಪ್ಲೇಟಾಗಿರಲಿ, ಮೂಳೆಯಾಗಿರಲಿ, ರಂಧ್ರ ಚರ್ಮದಲ್ಲೇ ಮುಗಿಯುವುದಿಲ್ಲ ಎಂಬುದು ಅಲ್ಲೇ ಖಚಿತವಾಯಿತು. ಆಮೇಲೆ ಅವರು ಹೇಳಿದ್ದು ನಾನು ನಿರೀಕ್ಷಿಸಿದ್ದಕ್ಕೆ ವಿರುದ್ಧವಾಗಿತ್ತು.

“ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಇವತ್ತಿಗೇ ನಿಲ್ಲಿಸಿಬಿಡಿ.”

“ಸೋಂಕಿದೆ ಎಂದು ನೀವೇ ಹೇಳುತ್ತಿದ್ದೀರಿ ಡಾಕ್ಟರೇ, ಔಷಧ ನಿಲ್ಲಿಸಿದರೆ ಅದು ಜಾಸ್ತಿಯಾಗುವುದಿಲ್ಲವೇ?”

“ಸ್ವಲ್ಪ ಜಾಸ್ತಿಯಾಗಬಹುದು. ಆದರೆ ಮೈಯಲ್ಲಿ ಔಷಧ ಇರುವಾಗ ಮೂಳೆ ತೆಗೆದು ಕಳಿಸಿದರೆ ಲ್ಯಾಬಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾಗದೆ ವಾರಗಟ್ಟಲೆ ಔಷಧ ಕೊಡುವುದು ನನಗೆ ಇಷ್ಟವಿಲ್ಲ.”

ದೀರ್ಘಕಾಲದ ಮೂಳೆ ಸೋಂಕಿನಲ್ಲಿ ಮಾದರಿ ತೆಗೆಯುವ ಮೊದಲು ಸಾಮಾನ್ಯವಾಗಿ ಸುಮಾರು 2 ವಾರ ಆ್ಯಂಟಿಬಯೋಟಿಕ್ ಇಲ್ಲದೆ ಇರಿಸುತ್ತಾರೆ. ಕೇಳಲು ಸುಲಭ, ಇರಲು ಕಷ್ಟ. ರಸಿಗೆ ಹೆಚ್ಚಾಯಿತು, ರಾತ್ರಿಯ ನೋವೂ ಬೆಳೆಯಿತು. ಕಪಾಟಿನಲ್ಲಿ ಉಳಿದಿದ್ದ ಮಾತ್ರೆಗಳ ಪಟ್ಟಿಯ ಕಡೆಗೆ ಕೈ ಹೋಗುತ್ತಿತ್ತು. ಚಳಿಜ್ವರ ಬಂದರೆ, ಕೆಂಪು ಬೇಗಬೇಗ ಮೇಲಕ್ಕೆ ಹರಡಿದರೆ, ತಲೆ ಸುತ್ತಿ ಮೈ ಸೋತರೆ ತಕ್ಷಣ ಬರಬೇಕು, ಆಗ ಈ ನಿಯಮ ಅನ್ವಯಿಸುವುದಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಸೋಂಕು ರಕ್ತಕ್ಕೆ ಹಬ್ಬಿದ ಲಕ್ಷಣವಿರುವವರಿಗೆ ಮತ್ತು ಮೂಳೆಯ ಸೋಂಕು ಹಠಾತ್ತಾಗಿ ತೀವ್ರವಾಗಿ ಶುರುವಾದ ಮಕ್ಕಳಿಗೆ ಹೀಗೆ ಕಾಯಿಸುವಂತಿಲ್ಲ. ಅವರಲ್ಲಿ ರಕ್ತದ ಕಲ್ಚರಿಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಮಾದರಿ ತೆಗೆದುಕೊಂಡು ಕೂಡಲೇ ಔಷಧ ಆರಂಭಿಸುತ್ತಾರೆ. ನನ್ನದು ನಿಧಾನದ ಸೋಂಕಾದ್ದರಿಂದ ಕಾಯುವ ಅನುಕೂಲವಿತ್ತು.

ಆ ನಡುವೆ ಪರೀಕ್ಷೆಗಳು ನಡೆದವು. ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ಸಹಜವಾಗಿಯೇ ಇತ್ತು. ದೀರ್ಘಕಾಲದ ಮೂಳೆ ಸೋಂಕಿನಲ್ಲಿ ಹಾಗಿರುವುದು ಸಾಮಾನ್ಯ, ಆದ್ದರಿಂದ ಅದನ್ನು ನೋಡಿ ಸಮಾಧಾನಪಡುವಂತಿಲ್ಲ. ಇಎಸ್‌ಆರ್ ಮತ್ತು ಸಿಆರ್‌ಪಿ ಎಂಬ ಎರಡು ರಕ್ತಪರೀಕ್ಷೆಗಳ ಅಂಕಿಗಳೂ ಮಿತಿಗಿಂತ ಮೇಲಿದ್ದವು. ಇವೆರಡೂ ಮೈಯಲ್ಲಿ ಎಲ್ಲೋ ಉರಿಯೂತವಿದೆ ಎನ್ನುತ್ತವೆಯೇ ಹೊರತು ಎಲ್ಲಿ, ಏಕೆ ಎನ್ನುವುದಿಲ್ಲ. ಸಿಆರ್‌ಪಿ ಗಂಟೆಗಳಲ್ಲಿ ಏರಿ, ಕಾರಣ ಹೋದ ಮೇಲೆ ದಿನಗಳಲ್ಲಿ ಇಳಿಯುತ್ತದೆ. ಇಎಸ್‌ಆರ್ ಏರುವುದೂ ನಿಧಾನ, ಇಳಿಯುವುದಕ್ಕೂ ವಾರಗಳೇ ಬೇಕು. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಮುಂದೆ ಸಿಆರ್‌ಪಿಯೇ ಹೆಚ್ಚು ಉಪಯೋಗಕ್ಕೆ ಬಂತು. ಮಧುಮೇಹವಿದೆಯೇ, ಧೂಮಪಾನ ಮಾಡುತ್ತೀರಾ, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದೀರಾ, ಪಾದದಲ್ಲಿ ನಾಡಿ ಸಿಗುತ್ತದೆಯೇ ಎಂಬ ಪ್ರಶ್ನೆಗಳನ್ನು ಇಷ್ಟು ವಿವರವಾಗಿ ಕೇಳುವುದೇಕೆ ಎಂದು ಆಗ ಅನ್ನಿಸಿತ್ತು. 1985ರಲ್ಲಿ ಸೀರ್ನಿ ಮತ್ತು ಮೇಡರ್ ಎಂಬ ವೈದ್ಯರು ರೂಪಿಸಿದ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ. ಅದು ಸೋಂಕು ಮೂಳೆಯ ಯಾವ ಭಾಗದಲ್ಲಿದೆ ಎಂಬುದನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಜೊತೆಗೆ, ಆ ಮೂಳೆಯನ್ನು ಹೊತ್ತ ವ್ಯಕ್ತಿ ಚಿಕಿತ್ಸೆಯನ್ನು ಎಷ್ಟು ತಡೆದುಕೊಳ್ಳಬಲ್ಲ ಎಂಬುದಕ್ಕೂ ಅಷ್ಟೇ ತೂಕ ಕೊಡುತ್ತದೆ. ರಕ್ತ ಸರಿಯಾಗಿ ಹರಿಯದ ಕಾಲಿನಲ್ಲಿ ಎಂಥ ಕುಶಲ ಶಸ್ತ್ರಚಿಕಿತ್ಸೆಯೂ ಮಾಯದ ಗಾಯವಾಗಿ ಉಳಿಯಬಹುದು.

ಎಕ್ಸ್‌ರೇ ತೆಗೆದಾಗ ಪ್ಲೇಟಿನ ಕೆಳಗೆ ಎರಡು ಸ್ಕ್ರೂಗಳ ಸುತ್ತ ಕಪ್ಪಾದ ಅಂಚು, ಅದರ ಬಳಿ ಮೂಳೆಯ ಹೊರಪೊರೆ ದಪ್ಪಗಾದ ಗುರುತು ಕಾಣಿಸಿತು. ನನ್ನದು ಹಳೆಯ ಸೋಂಕಾದ್ದರಿಂದ ಕಾಣಿಸಿತು ಎನ್ನಬೇಕು. ಹೊಸದಾಗಿ ಶುರುವಾದ ಸೋಂಕಿನಲ್ಲಿ ಮೊದಲ 10ರಿಂದ 14 ದಿನ ಎಕ್ಸ್‌ರೇ ಪೂರ್ತಿ ಸಹಜವಾಗಿರಬಹುದು, ಏಕೆಂದರೆ ಮೂಳೆಯ ಖನಿಜಾಂಶ ಸಾಕಷ್ಟು ಕರಗಿದ ಮೇಲಷ್ಟೇ ಆ ಬದಲಾವಣೆ ಚಿತ್ರದಲ್ಲಿ ಮೂಡುತ್ತದೆ. ಆರಂಭದಲ್ಲೇ ಹಿಡಿಯಬಲ್ಲದ್ದು ಎಂಆರ್‌ಐ. ಮಜ್ಜೆಯಲ್ಲಿ ನೀರು ತುಂಬಿದ್ದನ್ನು ಅದು ಕೆಲವೇ ದಿನಗಳಲ್ಲಿ ತೋರಿಸುತ್ತದೆ. ನನ್ನ ಕಾಲಿನಲ್ಲಿ ಲೋಹವಿದ್ದುದರಿಂದ ಚಿತ್ರದ ಒಂದಿಷ್ಟು ಭಾಗ ಕದಡಿಹೋಗಿತ್ತು; ಆದರೂ ಸೋಂಕು ಮಜ್ಜೆಯೊಳಗೆ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂಬುದು ತಿಳಿಯಿತು. ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದರು. ನಿರ್ಣಾಯಕವಾದದ್ದು ಅದರಲ್ಲಿ ಕಂಡಿತು: ಮೂಳೆಯೊಳಗೆ ಒಂದು ಟೊಳ್ಳು, ಆ ಟೊಳ್ಳಿನ ನಡುವೆ ಸುತ್ತಲಿನಿಂದ ಬೇರ್ಪಟ್ಟು ನಿಂತ, ಹೆಚ್ಚು ಬೆಳ್ಳಗೆ ಕಾಣುವ ಒಂದು ಚೂರು.

ಆ ಚೂರಿಗೆ ಸೀಕ್ವೆಸ್ಟ್ರಮ್ ಎನ್ನುತ್ತಾರೆ. ಅದು ಸತ್ತ ಮೂಳೆ. ಸೋಂಕು ಒಳಗೆ ಬಲಿತಾಗ ಕೀವಿನ ಒತ್ತಡದಿಂದ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ, ಮೂಳೆಯ ಹೊರಪೊರೆ ಕಿತ್ತು ಬಂದರೆ ಹೊರಗಿನಿಂದ ಬರುವ ರಕ್ತವೂ ನಿಲ್ಲುತ್ತದೆ, ನಡುವಿನ ತುಂಡು ರಕ್ತವಿಲ್ಲದೆ ಸಾಯುತ್ತದೆ. ದೇಹ ಅದರ ಸುತ್ತ ಹೊಸ ಮೂಳೆಯ ಕವಚವನ್ನು ಕಟ್ಟುತ್ತದೆ. ಆ ಕವಚದಲ್ಲಿ ಉಳಿದ ತೂತಿನ ಮೂಲಕ ಕೀವು ಹೊರಬಂದು ಚರ್ಮದವರೆಗೆ ದಾರಿ ಮಾಡಿಕೊಳ್ಳುತ್ತದೆ. ನನ್ನ ಕಾಲಿನ ರಂಧ್ರ ಆ ದಾರಿಯ ಹೊರಬಾಯಿ. ನುಂಗಿದ ಮಾತ್ರೆಯಾಗಲಿ ನರಕ್ಕೆ ಕೊಟ್ಟ ಔಷಧವಾಗಲಿ ಹೋಗುವುದು ರಕ್ತದ ಜೊತೆಗೆ. ರಕ್ತ ಹೋಗದ ಕಡೆ ಔಷಧವೂ ಹೋಗದು. ಸಾಲದ್ದಕ್ಕೆ, ಸತ್ತ ಮೂಳೆ ಮತ್ತು ಲೋಹದ ಮೈಮೇಲೆ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಲೋಳೆಯ ಪದರದೊಳಗೆ ಗುಂಪುಗೂಡಿ ಅಡಗುತ್ತವೆ. ಬಯೋಫಿಲ್ಮ್ ಎಂಬ ಈ ಪದರದೊಳಗೆ ಅವು ಬೆಳವಣಿಗೆಯನ್ನೇ ಬಹುಮಟ್ಟಿಗೆ ತಗ್ಗಿಸಿಕೊಂಡು ಕೂರುವುದರಿಂದ, ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಗಳು ಅಲ್ಲಿ ಸೋಲುತ್ತವೆ. ಸ್ಟಫೈಲೋಕಾಕಸ್ ಆರಿಯಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಮೂಳೆಯ ಜೀವಕೋಶಗಳನ್ನು ಒಂದಕ್ಕೊಂದು ಜೋಡಿಸುವ, ತನ್ನ ಗಾತ್ರಕ್ಕಿಂತಲೂ ಕಿರಿದಾದ ನಾಳಗಳೊಳಗೆ ಅದು ಆಕಾರ ಬದಲಿಸಿಕೊಂಡು ನುಸುಳುವುದನ್ನು ಇಲಿಗಳ ಮೂಳೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದ್ದಾರೆ. ಮಾತ್ರೆ ನುಂಗಿದಾಗಲೆಲ್ಲ ರಂಧ್ರ ಮುಚ್ಚಿದ್ದೇಕೆ, ನಿಲ್ಲಿಸಿದ ಮೇಲೆ ತೆರೆದದ್ದೇಕೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ನನಗೆ ಬೇಕಾಗಲಿಲ್ಲ. ಸುತ್ತಲಿನ ಜೀವಂತ ಮಾಂಸದಲ್ಲಿದ್ದ ಸೋಂಕು ಶಮನವಾಗುತ್ತಿತ್ತು, ಮೂಲ ಹಾಗೆಯೇ ಇರುತ್ತಿತ್ತು.

ಶಸ್ತ್ರಚಿಕಿತ್ಸೆ ಎಂದರೆ ಔಷಧ ಕೈಕೊಟ್ಟ ಮೇಲಿನ ಕೊನೆಯ ದಾರಿ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿಯುತ್ತಾರೆ. ಸತ್ತ ಮೂಳೆಯಿರುವ ಸೋಂಕಿನಲ್ಲಿ ಅದು ತಿರುವುಮುರುವು: ಕತ್ತಿಯೇ ಮುಖ್ಯ ಚಿಕಿತ್ಸೆ, ಔಷಧ ಅದಕ್ಕೆ ಆಸರೆ. ನನ್ನ ವಿಷಯದಲ್ಲಿ ಮಾದರಿ ತೆಗೆಯುವುದನ್ನೂ ಮೂಳೆ ಶುಚಿ ಮಾಡುವುದನ್ನೂ ಒಂದೇ ಸಲಕ್ಕೆ ಮಾಡಲು ನಿರ್ಧರಿಸಿದರು. ಅರಿವಳಿಕೆ ಕೊಟ್ಟ ಮೇಲೆ ಅಲ್ಲಿ ನಡೆದದ್ದು ನನಗೆ ಗೊತ್ತಿರುವುದು ವೈದ್ಯರು ಆಮೇಲೆ ಹೇಳಿದ್ದರಿಂದ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿಯಿಂದ. ಆಳದ ಬೇರೆ ಬೇರೆ ಜಾಗಗಳಿಂದ, ಪ್ರತಿ ಚೂರಿಗೂ ಹೊಸ ಉಪಕರಣ ಬಳಸಿ, ಐದು ಮಾದರಿಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಕಲ್ಚರಿಗೆ ಕಳಿಸಿದ್ದರು; ಒಂದಕ್ಕಿಂತ ಹೆಚ್ಚು ಚೂರುಗಳಲ್ಲಿ ಅದೇ ಜೀವಿ ಬೆಳೆದರೆ ಅದು ಚರ್ಮದಿಂದ ಸೇರಿಕೊಂಡದ್ದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಇನ್ನೊಂದಿಷ್ಟು ಮೂಳೆ ಅಂಗಾಂಶ ಪರೀಕ್ಷೆಗೆ ಹೋಯಿತು. ಅದು ಸೋಂಕನ್ನು ಖಚಿತಪಡಿಸುವುದರ ಜೊತೆಗೆ, ಬಹಳ ವರ್ಷ ಸೋರುವ ರಂಧ್ರದ ಅಂಚಿನಲ್ಲಿ ಅಪರೂಪಕ್ಕೆ ಹುಟ್ಟುವ ಚರ್ಮದ ಕ್ಯಾನ್ಸರನ್ನೂ ಹಿಡಿಯುತ್ತದೆ. ಮಾದರಿಗಳೆಲ್ಲ ಕೈಗೆ ಬಂದ ಮೇಲಷ್ಟೇ ಅರಿವಳಿಕೆ ತಜ್ಞರು ಆ್ಯಂಟಿಬಯೋಟಿಕ್ ಕೊಟ್ಟರು.

ನಂತರ ಪ್ಲೇಟು, ಸ್ಕ್ರೂಗಳನ್ನು ತೆಗೆದರು. ಮೂಳೆ ಕೂಡಿದ್ದರಿಂದ ಅದು ಸಾಧ್ಯವಾಯಿತು. ಕೂಡದ ಮೂಳೆಯಲ್ಲಿ ಆಧಾರವನ್ನು ಕಿತ್ತುಹಾಕುವಂತಿಲ್ಲ, ಏಕೆಂದರೆ ಅಲುಗಾಡುವ ಮೂಳೆಯಲ್ಲಿ ಸೋಂಕು ಆರುವುದಿಲ್ಲ. ಸತ್ತ ಚೂರನ್ನು ಹೊರತೆಗೆದು, ಟೊಳ್ಳಿನ ಗೋಡೆಯನ್ನು ಕೆರೆಯುತ್ತ ಕೆರೆಯುತ್ತ ಮೂಳೆಯಿಂದ ಕೆಂಪು ರಕ್ತದ ಬಿಂದುಗಳು ಮೂಡುವವರೆಗೆ ಹೋದರು. ಅಲ್ಲಿಗೆ ಜೀವಂತ ಮೂಳೆ ಸಿಕ್ಕಿತು ಎಂದರ್ಥ. ಹಾಗೆ ಉಳಿದ ಖಾಲಿ ಜಾಗವನ್ನು ಹಾಗೆಯೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಮತ್ತೆ ಬ್ಯಾಕ್ಟೀರಿಯಾಕ್ಕೆ ಮನೆಯಾಗುತ್ತದೆ. ಅದಕ್ಕಾಗಿ ಆ್ಯಂಟಿಬಯೋಟಿಕ್ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ಮಣಿಗಳನ್ನು ತುಂಬಿದರು. ಇವು ವಾರಗಳಲ್ಲಿ ತಾವೇ ಕರಗುತ್ತ, ನರದ ಮೂಲಕ ಕೊಟ್ಟರೆ ಮೂತ್ರಪಿಂಡ ತಾಳಲಾರದಷ್ಟು ಪ್ರಮಾಣದ ಔಷಧವನ್ನು ಆ ಜಾಗದಲ್ಲೇ ಬಿಡುತ್ತವೆ. ಇದಕ್ಕೂ ಹಳೆಯ ಪದ್ಧತಿಯಾದ ಮೂಳೆ ಸಿಮೆಂಟಿನ ಮಣಿಗಳಾಗಿದ್ದರೆ ಕರಗುವುದಿಲ್ಲವಾದ್ದರಿಂದ ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತಿತ್ತು.

ಒಂದು ವಿಷಯವನ್ನು ಮೊದಲೇ ಹೇಳಿದ್ದರಿಂದ ನನ್ನ ಗಾಬರಿ ಅರ್ಧ ಕಡಿಮೆಯಾಯಿತು. ಈ ಮಣಿಗಳು ಕರಗುವಾಗ ಗಾಯದಿಂದ ಬಿಳಿಚಿದ ನೀರು ವಾರಗಟ್ಟಲೆ ಒಸರಬಹುದು. ನೋಡಿದವರಿಗೆ ಕೀವೇ ಮರಳಿತು ಅನ್ನಿಸುತ್ತದೆ. ನನಗೂ ಒಸರಿತು. ಸುತ್ತ ಕೆಂಪಿಲ್ಲ, ವಾಸನೆಯಿಲ್ಲ, ನೋವು ಏರುತ್ತಿಲ್ಲ, ಸಿಆರ್‌ಪಿ ಇಳಿಯುತ್ತಿದೆ ಎಂಬ ನಾಲ್ಕು ಮಾತುಗಳನ್ನು ನೋಡಿಕೊಂಡು, ಬ್ಯಾಂಡೇಜು ಬದಲಿಸುತ್ತ ಕಾದರು. ಅದು ತಾನಾಗಿ ನಿಂತಿತು.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಹಿರಿಯರಿಗೆ ಇಷ್ಟು ಸುಲಭದಲ್ಲಿ ಮುಗಿದಿರಲಿಲ್ಲ. ಅವರ ಸೋಂಕು ಮೂಳೆಯ ಪೂರ್ತಿ ಸುತ್ತಳತೆಯನ್ನು ಆವರಿಸಿದ್ದರಿಂದ ಹಲವು ಸೆಂಟಿಮೀಟರ್ ಉದ್ದದ ತುಂಡನ್ನೇ ಕತ್ತರಿಸಿ ತೆಗೆದು, ಕಾಲಿನ ಸುತ್ತ ಉಂಗುರಗಳ ಚೌಕಟ್ಟನ್ನು ತಂತಿಗಳಿಂದ ಬಿಗಿದಿದ್ದರು. ಸೋವಿಯತ್ ಒಕ್ಕೂಟದ ಕುರ್ಗಾನ್ ನಗರದಲ್ಲಿ ಗವ್ರೀಲ್ ಇಲಿಝರೋವ್ ಬೆಳೆಸಿದ ವಿಧಾನವಿದು: ಆರೋಗ್ಯವಂತ ಭಾಗದಲ್ಲಿ ಮೂಳೆಯನ್ನು ಹೊಸದಾಗಿ ಕತ್ತರಿಸಿ, ಆ ತುಂಡನ್ನು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಖಾಲಿ ಜಾಗದ ಕಡೆಗೆ ಸರಿಸುತ್ತ ಹೋದರೆ ಹಿಂದೆ ಉಳಿಯುವ ಬಿರುಕಿನಲ್ಲಿ ಹೊಸ ಮೂಳೆ ಬೆಳೆಯುತ್ತದೆ. ದಿನಕ್ಕೆ ನಾಲ್ಕು ಸಲ ಕಾಲು ಮಿಲಿಮೀಟರಿನಷ್ಟು ನಟ್ಟು ತಿರುಗಿಸುವ ಕೆಲಸ ಅವರದ್ದೇ. “ನೋವಾಗುವುದಿಲ್ಲವೇ ಯಜಮಾನರೇ?” ಎಂದು ಕೇಳಿದ್ದಕ್ಕೆ, “ತಿರುಗಿಸುವಾಗ ಏನೂ ಆಗದಪ್ಪ, ತಂತಿ ಚರ್ಮ ಹೊಕ್ಕ ಜಾಗಗಳದ್ದೇ ತಂಟೆ. ಅವನ್ನು ದಿನಾ ಶುಚಿಯಾಗಿ ಇಟ್ಟುಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ,” ಎಂದರು. ಆ ತೂತುಗಳಲ್ಲಿ ಆಗುವ ಸಣ್ಣ ಸೋಂಕುಗಳು ಈ ಚಿಕಿತ್ಸೆಯ ನಿತ್ಯದ ಕಿರಿಕಿರಿ ಎಂದು ದಾದಿಯೂ ಹೇಳಿದರು.

ಐದು ಮಾದರಿಗಳಲ್ಲಿ ನಾಲ್ಕರಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದಿತ್ತು: ಸಾಮಾನ್ಯ ಔಷಧಗಳಿಗೆ ಬಗ್ಗುವ ಸ್ಟಫೈಲೋಕಾಕಸ್ ಆರಿಯಸ್. ಮೂಳೆ ಸೋಂಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಇದೇ. ಮೊದಲ ವರದಿ ಬೇಗ ಬಂದರೂ, ನಿಧಾನಕ್ಕೆ ಬೆಳೆಯುವ ಜೀವಿ ಜೊತೆಗಿರಬಹುದೆಂದು ಪ್ರಯೋಗಾಲಯದವರು ಮಾದರಿಗಳನ್ನು 2 ವಾರದವರೆಗೂ ಇಟ್ಟು ನೋಡಿದರು. ಅಲ್ಲಿಯವರೆಗೆ ಹಲವು ಬಗೆಯ ಬ್ಯಾಕ್ಟೀರಿಯಾಗಳಿಗೆ ಆಗಿಬರುವಂತೆ ಕೊಡುತ್ತಿದ್ದ ಎರಡು ಔಷಧಗಳ ಬದಲಿಗೆ, ಈ ಒಂದಕ್ಕೆ ಸರಿಯಾಗಿ ಹೊಂದುವ ಸೆಫಜೋಲಿನ್ ಒಂದನ್ನೇ ನರದ ಮೂಲಕ ಮುಂದುವರಿಸಿದರು. ಹಿಂದಿನ ರಸಿಗೆಯ ವರದಿಗಳಲ್ಲಿದ್ದ ಉಳಿದ ಹೆಸರುಗಳು ಒಂದೂ ಮೂಳೆಯಲ್ಲಿ ಇರಲಿಲ್ಲ.

ಆರು ವಾರ ಪೂರ್ತಿ ಸೂಜಿಮದ್ದೇ ಬೇಕಾಗುತ್ತದೆ, ತೋಳಿನ ಮೂಲಕ ಎದೆಯ ದೊಡ್ಡ ನರದವರೆಗೆ ಹೋಗುವ ಉದ್ದನೆಯ ಕೊಳವೆ ಹಾಕುತ್ತಾರೆ ಎಂದು ನನಗೆ ಗೊತ್ತಿದ್ದವರು ಹೇಳಿದ್ದರು. ಬಹುಕಾಲ ಹಾಗೆಯೇ ನಡೆದಿತ್ತು. ಬ್ರಿಟನ್ನಿನ 26 ಕೇಂದ್ರಗಳಲ್ಲಿ ಮೂಳೆ ಅಥವಾ ಕೀಲಿನ ಸೋಂಕಿದ್ದ 1054 ವಯಸ್ಕರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಓವಿವಾ ಎಂಬ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಮೊದಲ 7 ದಿನಗಳೊಳಗೆ ಮಾತ್ರೆಗೆ ಬದಲಾದವರಲ್ಲಿ ಒಂದು ವರ್ಷದೊಳಗೆ ಚಿಕಿತ್ಸೆ ವಿಫಲವಾದದ್ದು ಶೇ. 13.2, ಸೂಜಿಮದ್ದಿನಲ್ಲೇ ಮುಂದುವರಿದವರಲ್ಲಿ ಶೇ. 14.6. ಎಂದರೆ ಆಯ್ದ ಮಾತ್ರೆ ಸೂಜಿಮದ್ದಿಗಿಂತ ಕಡಿಮೆಯೇನಲ್ಲ. ಇಲ್ಲಿ ಆಯ್ದ ಎಂಬುದನ್ನು ಮರೆಯಬಾರದು: ಬ್ಯಾಕ್ಟೀರಿಯಾ ಯಾವುದೆಂದು ತಿಳಿದಿರಬೇಕು, ಹೊಟ್ಟೆಯಿಂದ ಚೆನ್ನಾಗಿ ಹೀರಲ್ಪಟ್ಟು ಮೂಳೆಗೆ ಇಳಿಯುವ ಔಷಧವಾಗಿರಬೇಕು, ಸತ್ತದ್ದನ್ನೆಲ್ಲ ಮೊದಲು ತೆಗೆದಿರಬೇಕು. ನಾನು ಹಿಂದೆ ನುಂಗಿದ್ದವೂ ಮಾತ್ರೆಗಳೇ. ಈ ಮೂರರಲ್ಲಿ ಒಂದೂ ಆಗ ಆಗಿರಲಿಲ್ಲ.

ಗಾಯ ಒಣಗುತ್ತಿದ್ದಂತೆ ನನಗೂ ಮಾತ್ರೆ ಶುರುವಾಯಿತು: ಲಿವೊಫ್ಲಾಕ್ಸಾಸಿನ್, ಅದರ ಜೊತೆಗೆ ರಿಫಾಂಪಿಸಿನ್. ಎರಡನೆಯದು ಬಯೋಫಿಲ್ಮಿನೊಳಗೂ ಕೆಲಸ ಮಾಡಬಲ್ಲದು, ಆದರೆ ಒಂಟಿಯಾಗಿ ಕೊಟ್ಟರೆ ಬ್ಯಾಕ್ಟೀರಿಯಾ ದಿನಗಳಲ್ಲೇ ಅದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಮೂತ್ರ, ಬೆವರು, ಕಣ್ಣೀರಿಗೆಲ್ಲ ಕಿತ್ತಳೆ ಬಣ್ಣ ಬಂತು, ಅದು ನಿರಪಾಯ. ನಿರಪಾಯವಲ್ಲದ್ದು ಅದು ಇತರ ಔಷಧಗಳ ಮೇಲೆ ಮಾಡುವ ಪರಿಣಾಮ. ಯಕೃತ್ತನ್ನು ಚುರುಕುಗೊಳಿಸಿ, ರಕ್ತ ತಿಳಿಗೊಳಿಸುವ ಮಾತ್ರೆ, ಗರ್ಭನಿರೋಧಕ ಮಾತ್ರೆ ಮುಂತಾದವನ್ನು ಅದು ದುರ್ಬಲಗೊಳಿಸುತ್ತದೆ. ಆದ್ದರಿಂದ ಬೇರೆ ಯಾವ ಕಾಯಿಲೆಗೆ ಏನು ನುಂಗುತ್ತಿದ್ದೀರಿ ಎಂಬ ಪಟ್ಟಿಯನ್ನು ಮೊದಲೇ ಬರೆಸಿಕೊಂಡಿದ್ದರು. ಲಿವೊಫ್ಲಾಕ್ಸಾಸಿನ್ ಅನ್ನು ಕಬ್ಬಿಣ, ಕ್ಯಾಲ್ಸಿಯಂ ಅಥವಾ ಆಮ್ಲಶಾಮಕ ಮಾತ್ರೆಗಳ ಜೊತೆಗೆ ನುಂಗಿದರೆ ಅದು ಸರಿಯಾಗಿ ಹೀರಲ್ಪಡುವುದಿಲ್ಲ. ಹಿಮ್ಮಡಿಯ ಸ್ನಾಯುರಜ್ಜು ನೋಯತೊಡಗಿದರೆ ನಿಲ್ಲಿಸಿ ಫೋನ್ ಮಾಡಬೇಕು. ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ ನಿಯಮಿತವಾಗಿ ನಡೆಯುತ್ತಿತ್ತು. ಹೊಟ್ಟೆ ತೊಳಸುವುದು ಕೊನೆಯವರೆಗೂ ಹೋಗಲಿಲ್ಲ, ಅದನ್ನು ಸಹಿಸಿಕೊಂಡೆ ಎಂದಷ್ಟೇ ಹೇಳಬಹುದು.

ಈ ಅವಧಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಔಷಧವಲ್ಲ, ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ ಎಂಬ ನಿರ್ಬಂಧ. ಪ್ಲೇಟು ಹೋಗಿದೆ, ಮೂಳೆಯ ಗೋಡೆಯಲ್ಲಿ ಕಿಟಕಿ ಕೊರೆದಿದ್ದಾರೆ, ಸ್ಕ್ರೂಗಳಿದ್ದ ತೂತುಗಳು ತುಂಬಿಲ್ಲ. ಇಂಥ ಮೂಳೆ ಸಣ್ಣ ಎಡವಟ್ಟಿಗೂ ಮುರಿಯಬಲ್ಲದು. ನೋವಿಲ್ಲದ ಕಾಲನ್ನು ಊರದೆ ನಡೆಯುವುದು, ನೋವಿರುವ ಕಾಲನ್ನು ಊರುವುದಕ್ಕಿಂತ ಹೆಚ್ಚಿನ ಶಿಸ್ತನ್ನು ಬೇಡುತ್ತದೆ.

ತಪಾಸಣೆಗೆ ಹೋದಾಗಲೆಲ್ಲ ಹೊರಗೆ ಕಾಯುವವರ ಕಾಯಿಲೆಗಳು ಒಂದರಂತೆ ಇನ್ನೊಂದು ಇರಲಿಲ್ಲ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಹೋಗಿ, ಹುಣ್ಣು ಮೂಳೆಯವರೆಗೆ ಇಳಿದವರು ಇದ್ದರು. ವಿಶ್ರಾಂತಿಯಲ್ಲೂ ಬಿಡದ ಬೆನ್ನುನೋವಿಗೆ ಬಹಳ ದಿನ ಮುಲಾಮು ಹಚ್ಚಿದ ಮೇಲೆ ಬೆನ್ನುಮೂಳೆಯ ಮಣಿಗಳಲ್ಲಿ ಸೋಂಕು ಪತ್ತೆಯಾದವರಿದ್ದರು. ಬೆನ್ನಿನ ಸೋಂಕಿಗೆ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ ಔಷಧವೇ ಸಾಕಾಗುತ್ತದೆ, ಏಕೆಂದರೆ ಆ ಮೂಳೆಗೆ ರಕ್ತ ಧಾರಾಳವಾಗಿ ಸಿಗುತ್ತದೆ. ಆದರೆ ಅದು ಕ್ಷಯವೋ ಬೇರೆಯದೋ ಎಂದು ತಿಳಿಯದೆ ಔಷಧ ಆರಿಸುವಂತಿಲ್ಲ. ಕಾಲಿನಲ್ಲಿ ಬಲಹೀನತೆ ಅಥವಾ ಮೂತ್ರದ ಹಿಡಿತ ತಪ್ಪುವುದು ಕಂಡರೆ ಅಲ್ಲೂ ತುರ್ತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಮಕ್ಕಳಲ್ಲಿ ಸೋಂಕು ಸಾಮಾನ್ಯವಾಗಿ ರಕ್ತದ ಮೂಲಕ ಬಂದು ಉದ್ದ ಮೂಳೆಗಳ ಬೆಳೆಯುವ ತುದಿಯ ಬಳಿ ನೆಲೆಸುತ್ತದೆ; ಮಗು ಕಾರಣವಿಲ್ಲದೆ ಕಾಲೂರಲು ಒಪ್ಪದೆ ಜ್ವರವೂ ಇದ್ದರೆ ಅದನ್ನು ಬರಿಯ ಉಳುಕು ಎಂದು ಬಿಡಬಾರದು. ಬೇಗ ಹಿಡಿದರೆ ಹಲವು ಮಕ್ಕಳು ಮೂರು ನಾಲ್ಕು ವಾರಗಳ ಔಷಧದಲ್ಲೇ ಚೇತರಿಸಿಕೊಳ್ಳುತ್ತಾರೆ.

ಔಷಧ ಮುಗಿದ ಮೇಲೆ ಸಿಆರ್‌ಪಿ ಸಹಜಮಟ್ಟದಲ್ಲೇ ಉಳಿಯಿತು, ಎಕ್ಸ್‌ರೇಯಲ್ಲಿ ಟೊಳ್ಳಿನ ಅಂಚು ನಿಧಾನಕ್ಕೆ ತುಂಬುತ್ತ ಬಂತು, ಊರುಗೋಲು ಒಂದಾದ ಮೇಲೊಂದು ಮೂಲೆ ಸೇರಿತು. “ಇನ್ನು ಗುಣವಾಯಿತು ಅನ್ನಬಹುದೇ?” ಎಂಬ ನನ್ನ ಪ್ರಶ್ನೆಗೆ ವೈದ್ಯರು ನೇರವಾಗಿ ಹೌದು ಎನ್ನಲಿಲ್ಲ. ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲೇ ಮರುಕಳಿಸುತ್ತದೆ, ದಶಕಗಳ ನಂತರ ಎದ್ದ ಉದಾಹರಣೆಗಳೂ ಇವೆ, ಆದ್ದರಿಂದ ಸದ್ಯಕ್ಕೆ ಸೋಂಕಿನ ಲಕ್ಷಣವಿಲ್ಲ ಎಂದು ಬರೆದುಕೊಳ್ಳುತ್ತೇನೆ ಎಂದರು. ಆ ಎಚ್ಚರಿಕೆಯ ಮಾತು ನನಗೆ ಹಿಡಿಸಿತು.

ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಕಲ್ಚರ್ ವರದಿ, ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂಬ ಪಟ್ಟಿ, ಕೊನೆಯ ಎಕ್ಸ್‌ರೇ ಇವಿಷ್ಟೂ ಈಗ ಒಂದೇ ಕಡತದಲ್ಲಿವೆ. ಮುಂದೆ ಆ ಜಾಗದಲ್ಲಿ ನೋವು, ಬಿಸಿ ಅಥವಾ ರಸಿಗೆ ಕಂಡರೆ, ಮೈಗೆ ಜ್ವರವಿಲ್ಲದಿದ್ದಲ್ಲಿ, ಆಳದಿಂದ ಮಾದರಿ ತೆಗೆಯುವ ಮುನ್ನ ಯಾರೂ ಆ್ಯಂಟಿಬಯೋಟಿಕ್ ಆರಂಭಿಸಬಾರದು ಎಂದು ವೈದ್ಯರು ಕಡತದ ಮೊದಲ ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟಿದ್ದಾರೆ.